ಮಾಸ್ತರರು ತಿಂದ ಹನ್ನೊಂದು ಎಸೆತ

ಹೋದ ತಿಂಗಳು ಸ್ಕೋರರ್ ತರಬೇತಿಗೆ ಸೇರಿದ ಇಬ್ಬರು ಹುಡುಗರು ಮನೆಗೆ ಬಂದು, "ಅಜ್ಜಾರ, ನಿಮ್ಮ ಕಾಲದಾಗ ಬೌಲಿಂಗ್ ಲೆಕ್ಕ ಹೆಂಗ ಇಡತಿದ್ರಿ?" ಎಂದು ಕೇಳಿದರು. ಅವರ ಕೈಯಲ್ಲಿ ಒಂದು ಯಂತ್ರವಿತ್ತು. ಬೆರಳು ಮುಟ್ಟಿಸಿದರೆ ಸಾಕು, ಓವರು, ರನ್ನು, ವಿಕೆಟ್ಟು, ಸರಾಸರಿ ಎಲ್ಲ ತಾವಾಗಿಯೇ ಮೂಡುತ್ತವೆ. ನಾನು ಒಳಗೆ ಹೋಗಿ ನನ್ನ ಹಳೆಯ ಪುಸ್ತಕ ತಂದು ಅವರ ಮುಂದಿಟ್ಟೆ. ಒಬ್ಬ ಪುಟ ತಿರುವುತ್ತ, "ಈ ಓವರಿನ್ಯಾಗ ಐದ ಬಾಲ್ ಅದಾವಲ್ರಿ. ಒಂದು ಬರಿಯೂದು ಮರತೀರೇನು?" ಎಂದ.

ಮರೆತಿಲ್ಲ. ಆ ಒಂದು ಎಲ್ಲಿ ಹೋಯಿತೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು 1958ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ವಿಜಾಪುರದ ಒಂದು ಹತ್ತಿ ಜಿನ್ನಿನಲ್ಲಿ ಕೆಲಸಕ್ಕೆ ಸೇರಿದೆ. ಜಿನ್ನೆಂದರೆ ಹತ್ತಿಯಿಂದ ಕಾಳು ಬಿಡಿಸಿ ಅರಳೆ ತೆಗೆಯುವ ಕಾರಖಾನೆ. ಅದರ ಸಾವ್ಕಾರರ ಮನೆ ಜೋರಾಪುರ ಪೇಟೆಯಲ್ಲಿತ್ತು. ಅವರಿಗೆ ಎರಡು ಹುಚ್ಚು: ಒಂದು ಹತ್ತಿ, ಇನ್ನೊಂದು ಕ್ರಿಕೆಟ್ಟು. ಒಂದು ದಿನವೂ ಬ್ಯಾಟು ಹಿಡಿದವರಲ್ಲ. ಆದರೂ ಜಿನ್ನಿನ ಹೆಸರಿನಲ್ಲಿ ಒಂದು ತಂಡ ಕಟ್ಟಿದ್ದರು. ಆಡಲು ಬರುವವರನ್ನು ಹುಡುಕಿ ತಂದು ಒಬ್ಬನನ್ನು ಕಾರಕೂನ, ಒಬ್ಬನನ್ನು ತೂಕದವ, ಒಬ್ಬನನ್ನು ಕಾವಲುಗಾರ ಎಂದು ಹಾಜರಿಯಲ್ಲಿ ಬರೆಸಿದ್ದರು. ಕಾವಲುಗಾರ ನಮ್ಮ ವಿಕೆಟ್ ಕೀಪರ್. ಎರಡೂ ಕಡೆ ಕಣ್ಣು ಮುಚ್ಚುತ್ತಿದ್ದ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ರೀತಿ ಹೀಗೆ. ಸಾವ್ಕಾರರು ಗಾದಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಏನ್ ಬರತೈತಿ ನಿನಗ?"

"ಬರಿಯಾಕ ಬರತೈತ್ರಿ."

"ಏನ್ ಬರದೀ? ತೋರಸು."

ಚೀಲದಿಂದ ಡೈರಿ ತೆಗೆದು ಕೊಟ್ಟೆ. ನಮ್ಮ ಓಣಿಯಲ್ಲಿ ದಿನಕ್ಕೆ ಎಷ್ಟು ಟಾಂಗಾ ಹಾಯ್ದವು, ಎಮ್ಮೆ ಯಾವ ದಿನ ಎಷ್ಟು ಹಾಲು ಕೊಟ್ಟಿತು, ಯಾವ ದಿನ ಒದ್ದಿತು, ಅವ್ವ ಎಷ್ಟು ರೊಟ್ಟಿ ಬಡಿದಳು, ಅದರಲ್ಲಿ ನನಗೆಷ್ಟು, ತಮ್ಮನಿಗೆಷ್ಟು, ಎಲ್ಲ ತಾರೀಖಿನ ಪ್ರಕಾರ ಅದರಲ್ಲಿದ್ದವು. ಸಾವ್ಕಾರರು ನಾಲ್ಕು ಪುಟ ಓದಿದರು.

"ಇದನ್ನ ಬರಿ ಅಂತ ನಿನಗ ಯಾರ್ ಕೇಳಿದ್ರು?"

"ಯಾರೂ ಕೇಳಿಲ್ರಿ."

"ಯಾರೂ ಕೇಳದ ಬರ್ಯಾಂವ, ಕೇಳಿದ್ರ ಸುಳ್ಳು ಬರಿಯಾಂಗಿಲ್ಲ," ಎಂದು ಅವರು ಎಲೆ ಬಾಯಿಗಿಟ್ಟರು. "ನಾಳಿಂದ ಬಾ. ಆರು ದಿನ ಹಾಜರಿ ಬರಿ. ಐತವಾರ ಬಾಲ್ ಬರಿ."

ಆಮೇಲೆ ಸಿಕ್ಕ ಬಡ್ತಿಗಳ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಕುರ್ಚಿ ಬದಲಾಯಿತು, ಪೆನ್ಸಿಲ್ ಬದಲಾಗಲಿಲ್ಲ.

ಪೆನ್ಸಿಲ್ ಎಂದೆ. ಮೊದಲ ಪಂದ್ಯಕ್ಕೆ ನಾನು ಶಾಯಿ ಪೆನ್ನು ತೆಗೆದುಕೊಂಡು ಹೋಗಿದ್ದೆ. ಮಧ್ಯಾಹ್ನ ಎದ್ದ ಗಾಳಿಗೆ ಹಸಿ ಶಾಯಿಯ ಮೇಲೆ ಧೂಳು ಕೂತು, ಒಂದೂ ರನ್ನು ಬಾರದ ಎಸೆತಕ್ಕೆ ಹಾಕಿದ ಚುಕ್ಕೆ ಹಿಗ್ಗಿ ಸೊನ್ನೆಯಂತೆ ಕಂಡಿತು, ಸೊನ್ನೆ ಹಿಗ್ಗಿ ಆರರಂತೆ ಕಂಡಿತು. ಆ ದಿನ ನಮ್ಮ ಒಬ್ಬ ಬೌಲರ್ ಪುಸ್ತಕದಲ್ಲಿ ಕೊಟ್ಟಷ್ಟು ರನ್ನನ್ನು ಎದುರು ತಂಡ ಒಟ್ಟಾರೆಯಾಗಿಯೂ ಹೊಡೆದಿರಲಿಲ್ಲ. ಅಂದಿನಿಂದ ಗಟ್ಟಿ ಪೆನ್ಸಿಲ್. ಒಂದು ಓವರಿಗೆ ಒಂದು ಚೌಕ, ಚೌಕದೊಳಗೆ ಮೂರು ಮೇಲೆ ಮೂರು ಕೆಳಗೆ ಗುರುತು. ರನ್ನಿಲ್ಲದಿದ್ದರೆ ಚುಕ್ಕೆ, ರನ್ನಿದ್ದರೆ ಅಂಕಿ, ವಿಕೆಟ್ಟಿಗೆ ಗುಣಾಕಾರದ ಗುರುತು. ಪ್ರತಿ ಎಸೆತಕ್ಕೂ ಒಂದು ಗುರುತು ಬಿದ್ದೇ ತೀರಬೇಕು. ಇದನ್ನು ಓದುವ ಹುಡುಗರು ಇಷ್ಟನ್ನು ನೆನಪಿಟ್ಟರೆ ಉಳಿದ ಕಥೆಯೆಲ್ಲ ತಿಳಿಯುತ್ತದೆ.

ಸಾವ್ಕಾರರಿಗೆ ಬೌಲಿಂಗ್ ಸರಾಸರಿ ತಿಳಿಸಿಕೊಡುವುದು ಕಷ್ಟವಾಗುತ್ತದೆಂದು ನಾನು ಹೆದರಿದ್ದೆ. ಅವರು ಒಂದೇ ನಿಮಿಷದಲ್ಲಿ ತಿಳಿದುಕೊಂಡರು. "ವಿಕೆಟ್ಟಂದ್ರ ಅರಳಿ, ರನ್ನಂದ್ರ ಕಾಳು. ಕಾಳು ಕಡಿಮಿ ಬಿದ್ದು ಅರಳಿ ಹೆಚ್ಚು ಬಂದ್ರ ಛಲೋ ಹತ್ತಿ, ಹೌದಿಲ್ಲೋ?" ಹೌದು. ಪ್ರತಿ ಸೋಮವಾರ ಮುಂಜಾನೆ ನಾನು ಪುಸ್ತಕ ಹಿಡಿದು ನಿಂತರೆ ಅವರ ಪ್ರಶ್ನೆ ಒಂದೇ: "ಕಾಳೆಷ್ಟು, ಅರಳಿ ಎಷ್ಟು?"

ನಮ್ಮ ಕ್ಯಾಪ್ಟನ್ ದೇಸಾಯರು. ಜಿನ್ನಿನಲ್ಲಿ ಹೆಡ್ ಕಾರಕೂನರು, ಅಂದರೆ ನನ್ನ ಮೇಲಿನವರು. ಮೆಲ್ಲಗೆ ತಿರುಗುವ ಚೆಂಡು ಎಸೆಯುತ್ತಿದ್ದರು. ಅದು ತಿರುಗುತ್ತದೆಂದು ಅವರು ಹೇಳುತ್ತಿದ್ದರು. ಒಮ್ಮೆ ಕಾಖಂಡಕಿಯಲ್ಲಿ ಪಂದ್ಯ. ಪಿಚ್ಚಿನ ಮೇಲೆ ಕಾಥಾದ, ಅಂದರೆ ತೆಂಗಿನ ನಾರಿನ, ಚಾಪೆ ಹಾಸಿ ಮೊಳೆ ಹೊಡೆದಿದ್ದರು, ಸುತ್ತಲೂ ಬರೀ ಕಪ್ಪು ಎರಿ ಹೊಲ. ಫೆಬ್ರುವರಿ ದಾಟಿದರೆ ನಮ್ಮ ಎರಿ ಭೂಮಿ ತೋಳು ಹೋಗುವಷ್ಟು ಅಗಲ ಬಿರಿಯುತ್ತದೆ. ದೇಸಾಯರ ಎಸೆತವನ್ನು ಒಬ್ಬ ಮೆಲ್ಲಗೆ ತಳ್ಳಿದ, ಚೆಂಡು ಉರುಳುತ್ತ ಹೋಗಿ ಬಿರುಕಿನೊಳಗೆ ಇಳಿಯಿತು. ನಮ್ಮ ಮೂವರು ಹೊಟ್ಟೆಯ ಮೇಲೆ ಮಲಗಿ ಕೈ ಇಳಿಬಿಟ್ಟರು. ಎದುರಿನವರು ಓಡತೊಡಗಿದರು.

"ಕಳದ ಬಾಲ್ ಅಂತ ಹೇಳ್ರಿ ಮಾಸ್ತರ," ಎಂದು ದೇಸಾಯರು ಅಂಪೈರಿಗೆ ಕೂಗಿದರು. ಹಾಗೆ ಹೇಳಿದರೆ ಓಟ ನಿಲ್ಲುತ್ತದೆ.

ಅಂಪೈರ್ ನಡೆದುಹೋಗಿ ಬಗ್ಗಿ ನೋಡಿ ಬಂದರು. "ಬಾಲ್ ಕಾಣತೈತಿ. ಕಾಣತೈತಿ ಅಂದಮ್ಯಾಲ ಕಳದಿಲ್ಲ."

ಗುದ್ದಲಿ ತರುವ ಹೊತ್ತಿಗೆ ಅವರು ಹದಿನಾಲ್ಕು ರನ್ ಓಡಿ, ದಣಿದು, ತಾವಾಗಿಯೇ ನಿಂತರು. ಚೌಕದಲ್ಲಿ ಎರಡಂಕಿ ಹಿಡಿಸಲಿಕ್ಕೆ ನಾನು ಪೆನ್ಸಿಲ್ ಚೂಪು ಮಾಡಿಕೊಳ್ಳಬೇಕಾಯಿತು. ಸಂಜೆ ದೇಸಾಯರು ಬಂದರು.

"ಆ ಹದಿನಾಲ್ಕು ನನ್ನ ಹೆಸರಿಗೆ ಯಾಕ ಬರದಿ?"

"ನಿಮ್ಮ ಬಾಲಿಗೆ ಹೊಡದಾರ್ರಿ."

"ಭೂಮಿ ಬಿರಿದದ್ದು ನನ್ನ ಬಾಲಿನಿಂದೇನು? ಬೈ ಅಂತ ಬರೀತಿ, ಲೆಗ್ ಬೈ ಅಂತ ಬರೀತಿ, ಅವು ಬೌಲರ್ ಲೆಕ್ಕಕ್ಕ ಬರೂದಿಲ್ಲ. ಇದನ್ನ ಬಿರುಕಿನ ಬೈ ಅಂತ ಬರಿ."

"ಪುಸ್ತಕದಾಗ ಅಂಥಾ ಕಾಲಂ ಇಲ್ರಿ."

"ಪುಸ್ತಕದಾಗ ನೀನೂ ಇಲ್ಲ. ಆದ್ರೂ ಪಗಾರ ತಗೋತಿ."

ಬರೆದದ್ದನ್ನು ನಾನು ಬದಲಿಸಲಿಲ್ಲ. ಮುಂದಿನ ಐದು ಪಂದ್ಯಗಳಲ್ಲಿ ನನ್ನ ಮೇಜಿಗೆ ಚಹಾ ಬರಲಿಲ್ಲ. ಡೈರಿಯಲ್ಲಿದೆ.

ಆ ಅಂಪೈರ್ ಮಠಪತಿ ಮಾಸ್ತರು. ನನಗೆ ಮೂರನೆಯ ಇಯತ್ತೆಯಲ್ಲಿ ಮಗ್ಗಿ ಕಲಿಸಿದವರು. ಹದಿನೇಳರ ಮಗ್ಗಿಗೆ ಅವರ ಬೆತ್ತದಿಂದ ತಿಂದ ಏಟಿನ ಲೆಕ್ಕವನ್ನು ಪಾಟಿಯ ಮೇಲೆ ಇಟ್ಟಿದ್ದೆ, ಅದನ್ನು ಅವರೇ ಒರೆಸಿದರು. ನಿವೃತ್ತಿಯಾದ ಮೇಲೆ ನಮ್ಮ ತಂಡಕ್ಕೆ ಅಂಪೈರಾದರು. ನಮ್ಮವರು, ಪರರು ಎಂಬ ಭೇದ ಅವರಿಗಿರಲಿಲ್ಲ. ಎಲ್ಲರನ್ನೂ ಶಾಲೆಯ ಹುಡುಗರಂತೆಯೇ ಅನುಮಾನದಿಂದ ನೋಡುತ್ತಿದ್ದರು. ಓವರಿಗೆ ಆರು ಎಸೆತ ಎಣಿಸಲು ಅವರದೊಂದು ಪದ್ಧತಿ ಇತ್ತು. ಕೋಟಿನ ಬಲಜೇಬಿನಲ್ಲಿ ಆರು ಹುರಿದ ಶೇಂಗಾಬೀಜ. ಒಂದು ಎಸೆತವಾದರೆ ಒಂದು ಬೀಜ ಎಡಜೇಬಿಗೆ. ಬಲಜೇಬು ಬರಿದಾದರೆ "ಓವರ್". ಮುಂದಿನ ಓವರಿಗೆ ಎಡಜೇಬಿನದನ್ನೆಲ್ಲ ಬಲಕ್ಕೆ ಹಾಕಿಕೊಳ್ಳುವುದು. ಒಳಜೇಬಿನಲ್ಲಿ ಶೇಂಗಾದ ಪುಡಿಕೆ ಬೇರೆ ಇರುತ್ತಿತ್ತು.

ಶೇಂಗಾ ಹುರಿದದ್ದಾಗಿರಬಾರದಿತ್ತು. ಆಟ ರಂಗೇರಿದಾಗ ಮಾಸ್ತರರ ಕೈ ತಾನಾಗಿಯೇ ಜೇಬಿನಿಂದ ಬಾಯಿಗೆ ಹೋಗುತ್ತಿತ್ತು. ಒಂದು ಬೀಜ ಹೊಟ್ಟೆಗೆ ಹೋದರೆ ಓವರಿಗೆ ಐದೇ ಎಸೆತ. ಸ್ವಲ್ಪ ಹೊತ್ತಿನ ಮೇಲೆ ಅವರಿಗೇ ಅನುಮಾನ ಬಂದು, ಬೀಜ ಎಣಿಸಿಕೊಂಡು, ಪುಡಿಕೆಯಿಂದ ಒಂದು ತೆಗೆದು ತುಂಬುವರು. ನನಗೆ ಇದು ಮೊದಲ ತಿಂಗಳಲ್ಲೇ ತಿಳಿಯಿತು. ಐದೇ ಗುರುತು ಬಿದ್ದ ಚೌಕದ ಪಕ್ಕ ಒಂದು ಸಣ್ಣ ಗೀಟು ಎಳೆಯುತ್ತ ಹೋದೆ. ಯಾರಿಗೂ ಹೇಳಲಿಲ್ಲ. ಮಗ್ಗಿ ಕಲಿಸಿದವರ ಎದುರು ನಿಂತು ನಿಮಗೆ ಆರು ಎಣಿಸಲು ಬರುವುದಿಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಇದು ನನ್ನ ವೃತ್ತಿಯ ಮೊದಲ ತಪ್ಪು. ಕಂಡದ್ದನ್ನು ಬರೆದೆ, ಹೇಳಲಿಲ್ಲ.

ಎರಡನೆಯ ತಪ್ಪು ಹೇಳುವ ಮುಂಚೆ ಮಲ್ಲಪ್ಪನನ್ನು ಪರಿಚಯಿಸಬೇಕು.

ಮಲ್ಲಪ್ಪ ಅರಕೇರಿಯವನು. ಜಿನ್ನಿನಲ್ಲಿ ಬದಲಿ ಆಳು, ಅಂದರೆ ಯಾರಾದರೂ ಬಾರದ ದಿನ ಮಾತ್ರ ಅವನಿಗೆ ಕೆಲಸ. ಒಂದು ಮಧ್ಯಾಹ್ನ ಹತ್ತಿಯ ರಾಶಿಗೆ ಚುಚ್ಚಿದ ಕೋಲಿನ ಮೇಲೆ ಕೂತ ಕಾಗೆಗೆ ಅಂಗಳದ ಆ ತುದಿಯಿಂದ ಒಂದು ಹರಳು ಬೀಸಿದ. ಕಾಗೆ ಕೂತ ಕೋಲು ಮುರಿಯಿತು. ಸಾವ್ಕಾರರು ಮಹಡಿಯಿಂದ ನೋಡಿದರು. ಚಿಕ್ಕಂದಿನಿಂದ ಜೋಳದ ಹೊಲದಲ್ಲಿ ಅಟ್ಟ ಏರಿ ಕವಣೆಯಿಂದ ಹಕ್ಕಿ ಹೊಡೆದ ತೋಳು ಅದು. ತೊಂದರೆ ಒಂದೇ, ಅವನು ಚೆಂಡನ್ನೂ ಕಲ್ಲಿನಂತೆಯೇ ಬೀಸುತ್ತಿದ್ದ. ಮೊಳಕೈ ಮಡಿಚಬಾರದೆಂದು ದೇಸಾಯರು ಅವನ ತೋಳಿಗೆ ಬಿದಿರಿನ ಸೀಳು ಕಟ್ಟಿ ಒಂದು ತಿಂಗಳು ಅಭ್ಯಾಸ ಮಾಡಿಸಿದರು. ಆ ತಿಂಗಳು ಅವನಿಗೆ ಊಟ ಮಾಡಿಸಿದವಳು ಅವನ ಅವ್ವ.

ಬಿದಿರು ಬಿಚ್ಚಿದ ಮೇಲೆ ಅವನ ಚೆಂಡು ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ಯಾರಿಗಾದರೂ ಬಡಿದರೆ ಓಡಿಹೋಗಿ, "ಬಡೀತೇನ್ರಿ ಯಣ್ಣಾ? ಕೂಡ್ರಿ, ನೀರ ತರತೇನಿ," ಎನ್ನುವನು. ಮುಂದಿನ ಚೆಂಡಿಗೆ ಆ ಯಣ್ಣನ ವಿಕೆಟ್ಟು ಹಾರುತ್ತಿತ್ತು. ಯಾವಾಗಲೂ ಮಾಸ್ತರರ ತುದಿಯಿಂದಲೇ ಎಸೆಯುತ್ತಿದ್ದ, ಅವರು ಪಕ್ಕದಲ್ಲಿದ್ದರೆ ಅವನಿಗೆ ಧೈರ್ಯ. ಮಾಸ್ತರರಿಗೋ, ಅವನು ಓಡಿಬರುತ್ತಿದ್ದರೆ ಉತ್ಸಾಹ ತಡೆಯದೆ ಕೈ ಜೇಬಿಗೆ ಹೋಗುತ್ತಿತ್ತು.

ಅರವತ್ತೆರಡರ ದೀಪಾವಳಿಗೆ ಹಂಗಾಮು ಶುರುವಾದಾಗ ಸಾವ್ಕಾರರು ಎಲ್ಲರ ಮುಂದೆ ಹೇಳಿದರು: "ಮಲ್ಯಾ, ಈ ಹಂಗಾಮಿನ್ಯಾಗ ಐವತ್ತು ಅರಳಿ ಕಿತ್ತಿಯಂದ್ರ ನೀ ಕಾಯಂ."

ಮಲ್ಲಪ್ಪನಿಗೆ ಅದು ಬರೀ ನೌಕರಿಯ ಮಾತಾಗಿರಲಿಲ್ಲ. ಬಬಲೇಶ್ವರದಲ್ಲಿ ಅವನಿಗೊಂದು ಹೆಣ್ಣು ಗೊತ್ತಾಗಿತ್ತು. ಹೆಣ್ಣಿನಪ್ಪ ಸಿದ್ದಪ್ಪಗೌಡರು, "ಬದಲಿ ಆಳಿಗೆ ಮಗಳನ್ನ ಕೊಡಾಂಗಿಲ್ಲ. ನಾಳೆ ಗಂಡನೂ ಬದಲಿ ಅಂದ್ರ ಏನ್ ಮಾಡೂದು?" ಎಂದಿದ್ದರು. ಕಾಯಂ ಆದರೆ ಮದುವೆ, ಇಲ್ಲದಿದ್ದರೆ ಹೆಣ್ಣು ಬೇರೆ ಕಡೆಗೆ.

ಮಲ್ಲಪ್ಪನಿಗೆ ಅಂಕಿ ಬರುತ್ತಿರಲಿಲ್ಲ. ಅವನಪ್ಪ ಕುರಿ ಎಣಿಸುತ್ತಿದ್ದ ಹಾಗೆ, ಉಡದಾರಕ್ಕೆ ಒಂದು ನೂಲಿನ ಹುರಿ ಕಟ್ಟಿಕೊಂಡು ವಿಕೆಟ್ಟಿಗೊಂದು ಗಂಟು ಹಾಕುತ್ತಿದ್ದ.

ಜನವರಿಯಲ್ಲಿ ಟಿಕೋಟಾದ ಪಂದ್ಯ. ಬಯಲಿನ ಪಕ್ಕದಲ್ಲೇ ವಿಜಾಪುರದ ರಸ್ತೆ. ಟಿಕೋಟಾದವರ ಆರನೆಯ ಬ್ಯಾಟುಗಾರ ಒಬ್ಬ ದರ್ಜಿ. ಯಾರದೋ ಮದುವೆಯ ಕುಪ್ಪಸ ಹೊಲಿದು ಸಂಜೆಯೊಳಗೆ ವಿಜಾಪುರಕ್ಕೆ ಮುಟ್ಟಿಸಬೇಕಿತ್ತು. ಆ ಬಟ್ಟೆಯ ಗಂಟನ್ನು ಬೌಂಡರಿ ಗೆರೆಯ ಮೇಲಿಟ್ಟೇ ಆಡಲು ಬಂದಿದ್ದ. ಮಲ್ಲಪ್ಪನ ಒಂದು ಚೆಂಡು ಅವನ ಪ್ಯಾಡಿಗೆ ಬಡಿಯಿತು, ನಮ್ಮವರೆಲ್ಲ ಕೂಗಿದರು. ಅದೇ ಹೊತ್ತಿಗೆ ಬಸ್ಸಿನ ಹಾರನ್ ಕೇಳಿತು. ಸೂರ್ಯ ನನ್ನ ಕಣ್ಣಿಗೆ ನೇರವಾಗಿದ್ದ. ಮಾಸ್ತರರು ಒಂದು ಬೆರಳು ಎತ್ತಿದ್ದು ಕಂಡಿತು, ದರ್ಜಿ ಬ್ಯಾಟು ಬಿಸಾಕಿ ಹೊರಟದ್ದು ಕಂಡಿತು. ನಾನು ಗುಣಾಕಾರದ ಗುರುತು ಹಾಕಿದೆ: ಎಲ್‌ಬಿಡಬ್ಲ್ಯೂ, ಮಲ್ಲಪ್ಪ. ಅವರ ಸ್ಕೋರರೇ ಮುಂದಿನ ಬ್ಯಾಟುಗಾರ. ಅವನು ಪ್ಯಾಡ್ ಹುಡುಕುತ್ತಿದ್ದ, ಆಮೇಲೆ ನನ್ನ ಪುಸ್ತಕ ನೋಡಿ ಬರೆದುಕೊಂಡ. ಪ್ಯಾಡ್ ಸಿಗಲಿಲ್ಲ. ದರ್ಜಿ ಅದನ್ನು ಕಟ್ಟಿಕೊಂಡೇ ಬಸ್ಸು ಹತ್ತಿದ್ದ.

ಹಂಗಾಮಿನ ಕಡೆಯ ಪಂದ್ಯ ಬಬಲೇಶ್ವರದಲ್ಲಿ. ಬೇಕೆಂದೇ ಸಿದ್ದಪ್ಪಗೌಡರು ಕುರ್ಚಿ ತರಿಸಿ ಗೆರೆಯ ಪಕ್ಕ ಕೂತಿದ್ದರು. ನನ್ನ ಪುಸ್ತಕದ ಪ್ರಕಾರ ಮಲ್ಲಪ್ಪನಿಗೆ ಆರು ಬೇಕಿತ್ತು, ಆರು ತೆಗೆದ. ಆರನೆಯದು ಬಿದ್ದಾಗ ನಾನು ಎದ್ದು ನಿಂತು, "ಐವತ್ತು" ಎಂದೆ. ಸ್ಕೋರರ್ ಎದ್ದು ನಿಲ್ಲಬಾರದು, ಅದೂ ಗೊತ್ತು. ಸಾವ್ಕಾರರು ಎಲ್ಲರಿಗೂ ಚುರಮುರಿ ಕೊಡಿಸಿದರು. ಗೌಡರು ಕುರ್ಚಿಯಿಂದ ಎದ್ದು ಮಲ್ಲಪ್ಪನ ಹೆಗಲ ಮೇಲೆ ಕೈ ಇಟ್ಟರು. ಮಲ್ಲಪ್ಪ ಮಾತ್ರ ಒಂದು ಪಕ್ಕಕ್ಕೆ ನಿಂತು ಉಡದಾರದ ಹುರಿ ತಡವುತ್ತಿದ್ದ. ನಾಚಿಕೆ ಎಂದುಕೊಂಡೆ.

ಮುಂದಿನ ಐತವಾರ ಮುಂಜಾನೆ ಹಂಗಾಮಿನ ಒಟ್ಟು ಲೆಕ್ಕ ತೆಗೆಯಲು ಕೂತೆ. ಪುಸ್ತಕವನ್ನೂ ಡೈರಿಯನ್ನೂ ಪಕ್ಕಪಕ್ಕ ಇಟ್ಟು ಪಂದ್ಯ ಪಂದ್ಯವಾಗಿ ತಾಳೆ ನೋಡುವುದು ನನ್ನ ಪದ್ಧತಿ. ಟಿಕೋಟಾದ ಪಂದ್ಯವಾದ ಎರಡು ದಿನಕ್ಕೆ ನಾನೇ ಬರೆದ ಸಾಲು ಸಿಕ್ಕಿತು: "ಮಂಗಳವಾರ. ಕಂಡಕ್ಟರ್ ಪ್ಯಾಡ್ ತಂದು ಕೊಟ್ಟ. ನಿಮ್ಮ ಮಾಸ್ತರು ಬಯಲಿನೊಳಗಿಂದ ಒಂದು ಬೆರಳು ತೋರಿಸಿದರು, ಒಬ್ಬ ಪ್ಯಾಸೆಂಜರ್ ಇದ್ದಾನೆಂದು ಬಸ್ಸು ನಿಲ್ಲಿಸಿದೆ ಎಂದ."

ಮೂರು ಸಲ ಓದಿದೆ. ಬರೆದವನು ನಾನೇ, ಅಷ್ಟು ದಿನ ತಿಳಿಯದವನೂ ನಾನೇ. ಚಪ್ಪಲಿ ಮೆಟ್ಟಿ ಮಾಸ್ತರರ ಮನೆಗೆ ಹೋದೆ.

"ಮಾಸ್ತರ, ಟಿಕೋಟಾದಾಗ ಆ ದರ್ಜಿ ಔಟ್ ಹೌದೋ ಅಲ್ಲೋ?"

"ಔಟ್ ಎಲ್ಲಿ? ಬಾಲ್ ಲೆಗ್ ಸ್ಟಂಪಿನ ಹೊರಗ ಹೊಂಟಿತ್ತು. ಪಾಪ, ಬಸ್ಸು ತಪ್ಪತೈತಿ ಅಂತ ನಾನ ಬೆರಳ ಎತ್ತಿ ನಿಲ್ಲಿಸಿದ್ಯಾ. ಯಾಕ?"

ಆಡುವವನು ತಾನಾಗಿ ಎದ್ದುಹೋದರೆ ಆ ವಿಕೆಟ್ಟು ಬೌಲರನಿಗೆ ಸೇರುವುದಿಲ್ಲ. ಮಲ್ಲಪ್ಪನದು ನಲವತ್ತೊಂಬತ್ತು.

ಅಲ್ಲಿಂದ ಅರಕೇರಿಗೆ ಹೋದೆ. ಸಾವ್ಕಾರರಿಗಿಂತ ಮೊದಲು ಅವನಿಗೆ ಹೇಳಬೇಕೆನಿಸಿತು. ಮಲ್ಲಪ್ಪ ಕಟ್ಟೆಯ ಮೇಲೆ ಕೂತಿದ್ದ. ನಾನು ಹೇಳುವುದನ್ನೆಲ್ಲ ಕೇಳಿ, ಹುರಿ ಬಿಚ್ಚಿ ನನ್ನ ಕೈಗೆ ಕೊಟ್ಟ. ಎಣಿಸಿದೆ. ಗಂಟು ನಲವತ್ತೊಂಬತ್ತೇ ಇದ್ದವು.

"ಮಾಸ್ತರು ಆಮ್ಯಾಲ ಆ ಓವರಿನ ಬಾಕಿ ಬಾಲ್ ಹಾಕು ಅಂದಾಗ, ದರ್ಜಿ ಔಟಿಲ್ಲ, ಬಸ್ಸಿಗೆ ಹ್ವಾದ ಅಂದಿದ್ರು. ನಾ ಗಂಟು ಹಾಕಿರಲಿಲ್ರಿ," ಎಂದ. "ಬಬಲೇಶ್ವರದಾಗ ನೀವು ಐವತ್ತು ಅಂದ್ರಿ. ನೀವು ಓದಿದವರು, ನಂದ ಯಾವುದೋ ಗಂಟು ಬಿಚ್ಚಿರಬೇಕು ಅನ್ಕೊಂಡ್ಯಾ."

"ನಿನ್ನ ಗಂಟ ಖರೆ ಐತಿ."

ಅವನ ಅವ್ವ ಒಳಗಿನಿಂದ, "ಯಪ್ಪಾ, ಗೌಡರು ನಾಡಿದ್ದ ನಿಶ್ಚಯದ ಕಾಯಿ ತರತೀನಿ ಅಂದಾರ," ಎಂದಳು.

ಮಲ್ಲಪ್ಪ ನನ್ನ ಕೈಯಿಂದ ಹುರಿ ತೆಗೆದುಕೊಂಡು, "ಹೇಳಾಕ ಬೇಕೇನ್ರಿ?" ಎಂದು ಕೇಳಿದ.

ಅವನೇ ಎದ್ದು ಹುರಿ ಕಟ್ಟಿಕೊಂಡ. "ನೀವು ಸುಮ್ನಿದ್ರೂ ಇದು ನನ್ನ ಸೊಂಟದಾಗ ಇರತೈತಲ್ರಿ. ನಡೀರಿ, ನಾಳೆ ಇಬ್ಬರೂ ಹೋಗೂಣು."

ಸೋಮವಾರ ಮುಂಜಾನೆ ಗಾದಿಯ ಪಕ್ಕ ಮಾಸ್ತರು ಬಶಿಯಲ್ಲಿ ಚಹಾ ಕುಡಿಯುತ್ತಿದ್ದರು. ದೇಸಾಯರು ಹುಂಡಿ ಕಾಗದ ನೋಡುತ್ತಿದ್ದರು. ಮಲ್ಲಪ್ಪ ಹೊಸ್ತಿಲ ಹೊರಗೆ ನಿಂತ.

"ಕಾಳೆಷ್ಟು, ಅರಳಿ ಎಷ್ಟು?" ಎಂದರು ಸಾವ್ಕಾರರು.

"ಅರಳಿ ಒಂದು ಕಡಿಮಿ ಬಿದ್ದೈತ್ರಿ. ತಪ್ಪು ನಂದು." ಬಸ್ಸು, ಬೆರಳು, ದರ್ಜಿ, ಎಲ್ಲ ಹೇಳಿದೆ.

ಸಾವ್ಕಾರರು ಎಲೆಯನ್ನು ತಟ್ಟೆಗೆ ಹಾಕಿದರು. "ಇದನ್ನ ಈಗ ಹೇಳು ಅಂತ ನಿನ್ನ ಯಾರ್ ಕೇಳಿದ್ರು?"

"ಯಾರೂ ಕೇಳಿಲ್ರಿ."

"ನಾನ ಹುಡಿಕಿ ತಂದ ಇಟ್ಟಗೊಂಡ ಚೇಳು ಇದು," ಎಂದು ದೇಸಾಯರಿಗೆ ಹೇಳಿದರು. ಆಮೇಲೆ ಹೊಸ್ತಿಲ ಕಡೆ ತಿರುಗಿ, "ಮಲ್ಯಾ, ನಾಲ್ಕು ಮಂದಿ ಮುಂದ ಐವತ್ತು ಅಂದೇನಿ. ನಲವತ್ತೊಂಬತ್ತಕ್ಕ ಕಾಯಂ ಮಾಡಿದ್ರ ನಾಳೆ ನಲವತ್ತೆಂಟರಾಂವ ಬಂದು ನಿಂದರತಾನ, ನಾಡಿದ್ದ ನಲವತ್ತರಾಂವ. ನನ್ನ ಮಾತಿಗೆ ತಳಾ ಇರೂದಿಲ್ಲ. ಮುಂದಿನ ಹಂಗಾಮಿಗೆ ನೋಡೂಣು."

ಮಲ್ಲಪ್ಪ "ಹೂನ್ರಿ" ಎಂದು ತಿರುಗಿದ. ಮುಂದಿನ ಹಂಗಾಮಿನ ತನಕ ಗೌಡರು ಕಾಯುವವರಲ್ಲ.

"ಇನ್ನೊಂದು ಐತ್ರಿ ಸಾವ್ಕಾರ್ರ," ಎಂದು ಪುಸ್ತಕ ತೆರೆದೆ. "ಈ ಚೌಕ ನೋಡ್ರಿ. ಇದರಾಗ ಐದ ಗುರುತು. ಇಲ್ಲಿ ಐದು. ಇಲ್ಲೂ ಐದು. ಮಲ್ಲಪ್ಪನ ಹನ್ನೊಂದು ಓವರಿನ್ಯಾಗ ಐದೈದ ಬಾಲ್. ಹನ್ನೊಂದು ಬಾಲ್ ಅಂವಗ ಸಿಗಬೇಕಾದ್ದು ಸಿಕ್ಕೇ ಇಲ್ಲ."

"ಯಾಕ ಸಿಕ್ಕಿಲ್ಲ?"

ನಾನು ಮಾಸ್ತರರ ಕಡೆ ನೋಡಲಿಲ್ಲ. ನೆಲ ನೋಡಿಕೊಂಡು, "ಶೇಂಗಾ ರೀ" ಎಂದೆ.

ಮಾಸ್ತರು ಬಶಿ ಕೆಳಗಿಟ್ಟರು. "ಲೇ, ನಿನಗ ಎಣಿಸಾಕ ಕಲಿಸಿದಾಂವ ಯಾರಲೇ? ಐದು ಯಾವುದು ಆರು ಯಾವುದು ನನಗ ಗೊತ್ತಿಲ್ಲಂತಿ?" ಎನ್ನುತ್ತ ಸಿಟ್ಟಿನಲ್ಲಿ ಜೇಬಿಗೆ ಕೈ ಹಾಕಿ, ತೆಗೆದು, ಬಾಯಿಗೆ ಒಯ್ದರು. ಅರ್ಧ ದಾರಿಯಲ್ಲಿ ಕೈ ನಿಂತಿತು. ಬೆರಳ ತುದಿಯ ಶೇಂಗಾವನ್ನು ಎಲ್ಲರೂ ನೋಡಿದೆವು. ಮಾಸ್ತರೂ ನೋಡಿದರು.

"ಹದಿನೇಳೆಂಟ್ಲ ಎಷ್ಟಲೇ?" ಎಂದು ಮೆಲ್ಲಗೆ ಕೇಳಿದರು.

"ನೂರಾ ಮೂವತ್ತಾರ್ರಿ."

"ಬರೋಬ್ಬರಿ," ಎಂದು ಸಾವ್ಕಾರರ ಕಡೆ ತಿರುಗಿದರು. "ಹುಡುಗನ ಲೆಕ್ಕ ಬರೋಬ್ಬರಿ ಐತಿ. ತಿಂದೇನಿ."

ಸಾವ್ಕಾರರು ದೇಸಾಯರ ಕಡೆ ತಿರುಗಿದರು. "ತೂಕದಾಗ ಕಡಿಮಿ ಬಿದ್ರ ನಾವೇನ್ ಮಾಡತೀವಿ ದೇಸಾಯರ?"

"ಕಡಿಮಿ ಬಿದ್ದಷ್ಟು ಸುರೂತೀವ್ರಿ."

"ಹಂಗಾರ ಸುರಸ್ರಿ. ಅಂಗಳದಾಗ ಚಾಪಿ ಹಾಸ್ರಿ. ಹನ್ನೊಂದು ಬಾಲ್ ಹಾಕಲಿ, ಒಂದು ಅರಳಿ ಕಿತ್ತರ ಐವತ್ತು."

"ಬ್ಯಾಟಿಗೆ ಯಾರ್ರಿ?" ಎಂದರು ದೇಸಾಯರು. "ನಾ ಒಲ್ಯಾ. ಔಟ್ ಆದ್ರ ಬೇಕಂತ ಆದ ಅಂತಾರ, ಆಗದಿದ್ರ ಹುಡುಗನ ಮದಿವಿ ಮುರದ ಅಂತಾರ."

"ನಾನ ನಿಂದರತೀನಿ," ಎಂದರು ಸಾವ್ಕಾರರು.

ಧೋತರದ ಮೇಲೆ ಪ್ಯಾಡ್ ಕಟ್ಟಿಸಿಕೊಂಡು, ತಲೆಯ ಪಟಕಾ ಬಿಗಿದುಕೊಂಡು ಅವರು ಬಂದು ನಿಂತಾಗ ಮೂರು ಸ್ಟಂಪೂ ಕಾಣದಾದವು. ಜಿನ್ನು ನಿಲ್ಲಿಸಿದ್ದರು. ಆಳುಗಳೆಲ್ಲ ಹತ್ತಿಯ ರಾಶಿಗಳ ಮೇಲೆ ಕೂತರು. ಮಾಸ್ತರು ಎಲ್ಲರೆದುರು ಹನ್ನೊಂದು ಶೇಂಗಾ ಎಣಿಸಿ ಬಲಜೇಬಿಗೆ ಹಾಕಿದರು. ನಾನು ಹತ್ತಿ ತುಂಬಿದ ಅಂಡಿಗೆಯೊಂದರ ಮೇಲೆ ಪುಸ್ತಕ ಇಟ್ಟುಕೊಂಡೆ.

ಮಲ್ಲಪ್ಪ ಮೊದಲ ಮೂರು ಚೆಂಡನ್ನು ಕೂಸಿಗೆ ಎಸೆಯುವ ಹಾಗೆ ಎಸೆದ. ಸಾವ್ಕಾರರು ಮೂರನ್ನೂ ತಡೆದರು.

"ಯಾಕಲೇ, ದೇವರಿಗೆ ಹೂವು ಏರಸಾಕತ್ತೀಯೇನು? ಬೀಸು."

ನಾಲ್ಕನೆಯದು ಪ್ಯಾಡಿಗೆ ಬಡಿಯಿತು. "ಬಡೀತೇನ್ರಿ ಸಾವ್ಕಾರ್ರ?" ಎಂದು ಮಲ್ಲಪ್ಪ ಓಡಿಬಂದ. "ಸರಿ ಆಕಡೆ. ನಿನ್ನ ಕೆಲಸ ಮಾಡು." ಐದು, ಆರು ಹೊಟ್ಟೆಯ ಪಕ್ಕದಿಂದ ಹೋದವು. ಏಳನೆಯದು ತಾನಾಗಿಯೇ ಬ್ಯಾಟಿಗೆ ಸಿಕ್ಕಿ ಹತ್ತಿಯ ರಾಶಿಯೊಳಗೆ ಹೊಕ್ಕಿತು. ಸಾವ್ಕಾರರ ಮುಖ ನೋಡಬೇಕಿತ್ತು. ಇಷ್ಟು ವರ್ಷ ಓದಿದ್ದನ್ನು ಮೊದಲ ಸಲ ತಿಂದು ನೋಡಿದವರಂತಿದ್ದರು. ಅಲ್ಲಿಂದ ಮುಂದೆ ಅವರಿಗೆ ಮಲ್ಲಪ್ಪನ ಮದುವೆಯೂ ನೆನಪಿರಲಿಲ್ಲ, ಕಾಯಂ ನೌಕರಿಯೂ ನೆನಪಿರಲಿಲ್ಲ. ಔಟಾಗಬಾರದು, ಅಷ್ಟೇ.

ಎಲ್ಲರೂ ರಾಶಿಯಲ್ಲಿ ಚೆಂಡು ಹುಡುಕುತ್ತಿದ್ದರು. ಸ್ಕೋರರ್ ಚೆಂಡನ್ನು ನೋಡಬಾರದು, ಅಂಪೈರನ್ನು ನೋಡಬೇಕು. ಟಿಕೋಟಾದಿಂದ ಕಲಿತದ್ದು ಅದು. ನೋಡುತ್ತಿದ್ದೆ.

ಎಂಟು, ಒಂಬತ್ತು, ಹತ್ತನ್ನು ಅವರು ಕಣ್ಣು ಮುಚ್ಚಿಕೊಂಡೇ ತಡೆದರು. ನನ್ನ ಎಣಿಕೆಯ ಪ್ರಕಾರ ಹನ್ನೊಂದನೆಯದು ಸ್ಟಂಪಿನ ಮೇಲಿಂದ ಗೇಣಿನಷ್ಟು ಹಾರಿಹೋಯಿತು. ಮಲ್ಲಪ್ಪ ಸೊಂಟದ ಹುರಿಯ ಮೇಲೆ ಕೈ ಇಟ್ಟು ನಿಂತ. ಮಾಸ್ತರು ಬಲಜೇಬಿಗೆ ಕೈ ಹಾಕಿ, "ಇನ್ನೊಂದು ಐತಿ" ಎಂದರು.

ಆ ಒಂದನ್ನು ಮಲ್ಲಪ್ಪ ಜೋಳದ ಹೊಲದ ಅಟ್ಟದ ಮೇಲಿದ್ದವನಂತೆ ಬೀಸಿದ. ಮೊಳಕೈ ಮಾತ್ರ ಮಡಿಚಲಿಲ್ಲ. ಚೆಂಡು ನಟ್ಟ ನಡುವೆ ಪ್ಯಾಡಿಗೆ ಬಡಿದು, ಬಿಗಿದ ಹತ್ತಿಯ ಅಂಡಿಗೆ ಒಡೆದ ಹಾಗೆ ಸದ್ದು ಮಾಡಿತು. ಯಾರೂ ಕೂಗಲಿಲ್ಲ. ಸಾವ್ಕಾರರ ವಿರುದ್ಧ ಕೂಗುವವರು ಯಾರು? ಮಾಸ್ತರು ತಾವೇ ಬೆರಳು ಎತ್ತಿದರು.

ಸಾವ್ಕಾರರು ಕಣ್ಣು ತೆರೆದು ಬೆರಳು ನೋಡಿದರು. "ಯಾಕ್ರಿ ಮಾಸ್ತರ, ಬಸ್ಸು ನಿಲ್ಲಸಾಕತ್ತೀರೇನು?"

"ಇಲ್ರಿ. ಈ ಸಲ ನಿಮ್ಮನ್ನ ಕಳಸಾಕತ್ತೇನಿ."

ನಾನು ಗುರುತು ಹಾಕಲಿಲ್ಲ. ಪೆನ್ಸಿಲ್ ಎತ್ತಿ ಹಿಡಿದು, "ಮಾಸ್ತರ, ಔಟ್ ಹೌದಲ್ರಿ?" ಎಂದು ಕೂಗಿ ಕೇಳಿದೆ. "ಹೌದಲೇ, ಬರಿ," ಎಂದರು. ಬರೆದೆ. ಅಂದಿನಿಂದ ನಿವೃತ್ತಿಯ ತನಕ, ಅಂಪೈರಿನ ಯಾವ ಸನ್ನೆಗೂ ನಾನು ಕೈ ಎತ್ತಿ ಉತ್ತರ ಕೊಡದೆ, ಅವರು ತಲೆಯಾಡಿಸದೆ, ಪೆನ್ಸಿಲ್ ಇಳಿಸಿಲ್ಲ. ಹುಡುಗರೇ, ನೀವೂ ಇಳಿಸಬೇಡಿ.

ಮಲ್ಲಪ್ಪ ಅಲ್ಲೇ ಚಾಪೆಯ ಮೇಲೆ ಕೂತು ಹುರಿಗೆ ಗಂಟು ಹಾಕಿದ. ಗಂಟು ಎರಡು ಸಲ ಜಾರಿತು. ಮರುದಿನ ಗೌಡರು ಕಾಯಿ ತಂದರು. ಮದುವೆಯಲ್ಲಿ ಬಡಿಸಿದ ಹೋಳಿಗೆಯ ಲೆಕ್ಕ ನನ್ನಲ್ಲಿದೆ. ದೇಸಾಯರು ನನ್ನ ಪಕ್ಕದಲ್ಲಿ ಕೂತು ತಮ್ಮ ಕೈಯಿಂದಲೇ ನನಗೆ ತುಪ್ಪ ಹಾಕಿದರು.

ಆ ಸೋಮವಾರವೇ ಸಂಜೆ ಸಾವ್ಕಾರರು ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ನನ್ನನ್ನು ಕರೆಸಿದರು.

"ತಮ್ಮಾ, ನಾ ಎಷ್ಟು ಬಾಲ್ ಆಡಿದೆ?"

"ಪುಸ್ತಕದಾಗ ಹನ್ನೊಂದು ಐತ್ರಿ."

"ಮತ್ತ ನಿನ್ನ ಡೈರಿಯೊಳಗ?"

"ಡೈರಿ ಯಾರೂ ಕೇಳೂದಿಲ್ರಿ ಸಾವ್ಕಾರ್ರ."

ಅವರು, "ಹೌದು, ಯಾರೂ ಕೇಳೂದಿಲ್ಲ," ಎಂದು ಇನ್ನೊಂದು ಮೊಣಕಾಲು ಚಾಚಿದರು.

ನನ್ನ ವೃತ್ತಿಯಲ್ಲಿ ಪುಸ್ತಕಕ್ಕೂ ಡೈರಿಗೂ ತಾಳೆಯಾಗದೆ ಉಳಿದದ್ದು ಅದೊಂದು ದಿನ. ಡೈರಿಯಲ್ಲಿ ಹನ್ನೆರಡು ಗುರುತುಗಳಿವೆ, ಕೆಳಗೆ ಒಂದು ಸಾಲಿದೆ: "ಎಲ್ಲರೂ ಹತ್ತಿಯಲ್ಲಿ ಚೆಂಡು ಹುಡುಕುತ್ತಿದ್ದಾಗ ಮಾಸ್ತರು ಒಳಜೇಬಿನ ಪುಡಿಕೆಯಿಂದ ಒಂದು ಶೇಂಗಾ ತೆಗೆದರು. ಬಾಯಿಗೆ ಹಾಕಿಕೊಳ್ಳಲಿಲ್ಲ, ಬಲಜೇಬಿಗೆ ಹಾಕಿದರು."